ಟ್ಯಾಕಲ್ ತಪ್ಪೋದು ಮೂರು ಹೆಜ್ಜೆ ಮೊದಲೇ

2023ರ ನವೆಂಬರ್ 4ರ ಸಂಜೆ ನಾನೂ ನನ್ನ ಮಗನೂ ಲಾಸ್ ಏಂಜಲೀಸ್‌ನ ಕೊಲೀಸಿಯಂನಲ್ಲಿ ಕೂತಿದ್ದೆವು. ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದ ಮ್ಯಾಚ್. ಫುಟ್‌ಬಾಲ್ ಅಂದ್ರೆ ಇಲ್ಲಿಯ, ಅಮೆರಿಕದ ಫುಟ್‌ಬಾಲ್. ಉದ್ದುದ್ದ ಚೆಂಡು, ಹೆಲ್ಮೆಟ್ಟು, ಹೆಗಲಿಗೆ ಪ್ಯಾಡು. ಚೆಂಡು ಹಿಡಿದು ಓಡೋನನ್ನು ತಬ್ಬಿ ಕೆಡವೋದೇ ಟ್ಯಾಕಲ್. ಅವತ್ತು ವಾಷಿಂಗ್ಟನ್‌ನ ಡಿಲನ್ ಜಾನ್ಸನ್ ಒಬ್ಬನೇ 256 ಯಾರ್ಡ್ ಓಡಿದ. ನಾಲ್ಕು ಟಚ್‌ಡೌನ್, ಅಂದ್ರೆ ನಾಲ್ಕು ಸಲ ಚೆಂಡನ್ನು ಕೊನೆ ಗೆರೆ ದಾಟಿಸಿದ. ಯುಎಸ್‌ಸಿ 42 ಪಾಯಿಂಟ್ ಮಾಡಿಯೂ 52-42ರಲ್ಲಿ ಸೋತಿತು. ನಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಪ್ರತಿ ಓಟಕ್ಕೂ ಎದ್ದು ನಿಂತು "ತಬ್ಬಿ ಹಿಡೀರೋ, ತಬ್ಬಿ ಹಿಡೀರೋ" ಅನ್ನೋ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಕೂಗುತ್ತಿದ್ದರು. ನಾಲ್ಕನೇ ಕ್ವಾರ್ಟರ್ ಹೊತ್ತಿಗೆ ಅವರ ದನಿಯೇ ಹೋಗಿತ್ತು.

ಮಾರನೇ ದಿನ ಯುಎಸ್‌ಸಿಯ ಡಿಫೆನ್ಸ್ ಕೋಆರ್ಡಿನೇಟರ್, ಅಂದ್ರೆ ಎದುರಾಳಿಯನ್ನು ತಡೆಯೋ ಆಟಗಾರರ ಹೊಣೆ ಹೊತ್ತ ಕೋಚ್, ಅಲೆಕ್ಸ್ ಗ್ರಿಂಚ್ ಅವರನ್ನು ತೆಗೆದುಹಾಕಿದರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರದ್ದೂ ಒಂದೇ ಮಾತು: "ಸದ್ಯ! ಇನ್ಮೇಲೆ ಹುಡುಗರು ಸರಿಯಾಗಿ ಟ್ಯಾಕಲ್ ಮಾಡ್ತಾರೆ."

ಆ ಮಾತು ನನ್ನ ತಲೆಯಲ್ಲಿ ಇನ್ನೂ ಕೂತಿದೆ. ಅದು ಅರ್ಧ ನಿಜ, ಅರ್ಧ ಸುಳ್ಳು. ಅದನ್ನೇ ಇವತ್ತು ಬರೆಯಬೇಕು ಅನ್ನಿಸಿತು. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ನಮ್ಮಲ್ಲಿ ಬಹಳ ಜನಕ್ಕೆ ಟ್ಯಾಕಲ್ ಅಂದ್ರೆ ಧೈರ್ಯದ ವಿಷಯ. ಹಿಡಿದ ಅಂದ್ರೆ ಗಂಡೆದೆ ಇದೆ, ತಪ್ಪಿಸಿಕೊಂಡು ಹೋದ ಅಂದ್ರೆ ಹಿಡಿಯೋನಿಗೆ ಮನಸ್ಸಿರಲಿಲ್ಲ. ಕೋಚ್ ಬದಲಾದ್ರೆ ಹುಡುಗರಿಗೆ ಕಿಚ್ಚು ಬರುತ್ತೆ, ಆಗ ಹಿಡೀತಾರೆ ಅಂತ ಲೆಕ್ಕ. ನಾನು ಈ ಲೆಕ್ಕ ಒಪ್ಪಲ್ಲ. ಕೊಲೀಸಿಯಂನಲ್ಲಿ ಆವತ್ತು ಆಡಿದ ಹುಡುಗರು ಯಾರೂ ಹೇಡಿಗಳಲ್ಲ. 19-20 ವರ್ಷದ ಮಕ್ಕಳು, ಪೂರ್ತಿ ವೇಗದಲ್ಲಿ ಓಡಿ ಬರೋ ಮನುಷ್ಯನ ಎದುರಿಗೆ ಮೈಯೊಡ್ಡುತ್ತಾರೆ. ಅವರು ತಪ್ಪಿದ್ದು ಧೈರ್ಯದಲ್ಲಲ್ಲ, ನಿಲ್ಲೋ ಜಾಗದಲ್ಲಿ.

ಅದನ್ನು ನಾನು ಅರ್ಥ ಮಾಡಿಕೊಂಡಿದ್ದು ಟಿವಿ ನೋಡಿ ಅಲ್ಲ. ಮಗನ ಹೈಸ್ಕೂಲ್ ಮೈದಾನದ ಬೇಲಿ ಪಕ್ಕ ನಿಂತು.

ಮಗ ಸೇಫ್ಟಿ ಆಡ್ತಾನೆ. ಅಂದ್ರೆ ಡಿಫೆನ್ಸ್‌ನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲೋನು. ಅವನನ್ನು ದಾಟಿದರೆ ಮುಂದೆ ಯಾರೂ ಇಲ್ಲ. ಅವರ ಹಳೇ ಕೋಚ್ ಬೇರೆ ಊರಿಗೆ ಹೋದರು, ಹೊಸಬರು ಬಂದರು. ಇಬ್ಬರೂ ಒಳ್ಳೆಯವರೇ. ಆದರೆ ಹಳಬರು ಕಲಿಸಿದ್ದು, ಓಡುವವನ ಎದೆಯ ಮುಂದಕ್ಕೆ ನಿನ್ನ ತಲೆ ಹಾಕಿ ದಾರಿ ಕಟ್ಟು ಅಂತ. ಹೊಸಬರು ಹೇಳಿದ್ದು ತದ್ವಿರುದ್ಧ: ತಲೆ ಅವನ ಬೆನ್ನ ಕಡೆಗಿರಲಿ, ಭುಜ ಮಾತ್ರ ತಾಗಲಿ, ತೊಡೆಗೆ ಕೈ ಸುತ್ತು.

ಆಗಸ್ಟ್ ತಿಂಗಳ ಒಂದು ಸಂಜೆ. ಬಿಸಿಲು ಇಳಿದಿದ್ದರೂ ಹುಲ್ಲು ಇನ್ನೂ ಬಿಸಿ. ಹುಡುಗರನ್ನೆಲ್ಲ ಜೋಡಿ ಜೋಡಿ ಮಾಡಿದ್ದರು. ಒಬ್ಬ ನಿಂತಿರಬೇಕು, ಇನ್ನೊಬ್ಬ ಮಂಡಿಯ ಮೇಲೆಯೇ ಅವನ ತೊಡೆ ತಬ್ಬಬೇಕು. ಕಿವಿ ಅವನ ಸೊಂಟದ ಹಿಂಭಾಗಕ್ಕೆ ಒತ್ತಿರಬೇಕು. ಬರೀ ಅಷ್ಟೇ, ಅರ್ಧ ಗಂಟೆ. ಆಮೇಲೆ ಟ್ರ್ಯಾಕ್ಟರ್ ಚಕ್ರದಷ್ಟು ದೊಡ್ಡ ಫೋಮ್ ರಿಂಗ್ ತಂದು ಹುಲ್ಲಿನ ಮೇಲೆ ಉರುಳಿಬಿಟ್ಟರು. ಓಡಿ ಹೋಗಿ ಅದನ್ನು ತಬ್ಬಿ ಉರುಳಬೇಕು. ಯಾವ ಭುಜ ತಾಗುತ್ತೋ ಅದೇ ಕಡೆಯ ಕಾಲು ಮುಂದಿರಬೇಕು. ಬಲ ಭುಜ ಅಂದ್ರೆ ಬಲಗಾಲು. ಎಡಗಾಲು ಮುಂದೆ ಬಂತೋ, ಮೈ ತಿರುಗುತ್ತೆ, ಕೈ ಜಾರುತ್ತೆ. ನನ್ನ ಮಗ ಮೊದಲ ಆರು ಸಲ ಜಾರಿದ. ಕೋಚ್ ಒಂದು ಸಲವೂ ಅವನ ಕೈ ನೋಡಲಿಲ್ಲ. ಹುಲ್ಲಿನ ಮೇಲೆ ಬೆರಳಿಟ್ಟು, "ನೀನು ನಿಧಾನ ಮಾಡಿದ್ದು ಇಲ್ಲಿ. ಇನ್ನೂ ಮೂರು ಹೆಜ್ಜೆ ಓಡಬೇಕಿತ್ತು" ಅಂದರು.

ಮನೆಗೆ ಬರುವಾಗ ಕಾರಿನಲ್ಲಿ ಮಗ ಅಂದ, "ಮೊದಲು ಸುಮ್ನೆ ಹೋಗಿ ಹಿಡೀತಿದ್ದೆ ಅಪ್ಪಾ. ಈಗ ಯಾವ ಕಾಲು ಅಂತ ನೆನಪು ಮಾಡ್ಕೊಂಡು ಹಿಡೀಬೇಕು."

ಈ ನೆನಪು ಮಾಡಿಕೊಳ್ಳೋದೇ ಎಲ್ಲ. ಕಾಲೇಜು ಮಟ್ಟದಲ್ಲಿ ಚೆನ್ನಾಗಿ ಓಡೋ ಹುಡುಗ ಅರ್ಧ ಸೆಕೆಂಡಿನಲ್ಲಿ ನಾಲ್ಕು ಯಾರ್ಡ್ ದಾಟುತ್ತಾನೆ. ಹಿಡಿಯೋನು ಅರ್ಧ ಸೆಕೆಂಡ್ ಯೋಚನೆ ಮಾಡಿದ ಅಂದ್ರೆ ಮುಗಿಯಿತು. ಮೇಲಿನ ಸಾಲಿನಲ್ಲಿ ಕೂತ ನಮಗೆ ಕಾಣೋದು ಕೊನೆಯ ಕ್ಷಣದ ಜಾರುವ ಕೈ ಮಾತ್ರ. ಅದಕ್ಕಿಂತ ಮೊದಲು ತಪ್ಪು ದಿಕ್ಕಿನಲ್ಲಿ ಇಟ್ಟ ಮೂರು ಹೆಜ್ಜೆ ಕಾಣಲ್ಲ.

ಕಬಡ್ಡಿ ಆಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ನಾನು ಮಂಡ್ಯ ಕಡೆಯವನು, ಶಾಲೆಯಲ್ಲಿ ಎಡ ಕಾರ್ನರ್ ಆಡುತ್ತಿದ್ದೆ. ನಾನು ರೈಡರ್‌ನ ಕಾಲು ಹಿಡಿದರೆ ಪಕ್ಕದವನು, ಕವರ್‌ನವನು ಅದೇ ಹೊತ್ತಿಗೆ ಬಂದು ಮೇಲೆ ಬೀಳಬೇಕು. ಒಂದು ಕ್ಷಣ ತಡ ಆದರೆ ರೈಡರ್ ನನ್ನನ್ನೂ ಎಳೆದುಕೊಂಡು ಗೆರೆ ಮುಟ್ಟುತ್ತಿದ್ದ. ಆಗ ನಮ್ಮ ಪಿ.ಟಿ. ಮೇಷ್ಟ್ರು ಬೈಯುತ್ತಿದ್ದದ್ದು ನನಗಲ್ಲ, ಕವರ್‌ನವನಿಗೆ. ಊರವರು ಬೈಯುತ್ತಿದ್ದದ್ದು ಮಾತ್ರ ನನಗೆ.

ಈಗ ಮತ್ತೆ ಯುಎಸ್‌ಸಿಗೆ ಬರ್ತೀನಿ. ಗ್ರಿಂಚ್ ಅವರು ಮುಖ್ಯ ಕೋಚ್ ಲಿಂಕನ್ ರೈಲಿ ಜೊತೆ ಓಕ್ಲಹೋಮಾದಿಂದ ಬಂದವರು. ಅವರ ಡಿಫೆನ್ಸ್‌ನ ಜೀವಾಳ ಎರಡು. ಒಂದು, ಚೆಂಡು ಕಸಿದುಕೊಳ್ಳೋದು. ಇನ್ನೊಂದು, ಮುಂದಿನ ಸಾಲಿನ ದೊಡ್ಡ ಆಳುಗಳು ನೇರ ನಿಂತು ತಡೆಯದೆ ಪಕ್ಕಕ್ಕೆ ನುಗ್ಗಿ ಎದುರಾಳಿಯನ್ನು ಗಲಿಬಿಲಿ ಮಾಡೋದು. 2022ರಲ್ಲಿ ಇದು ಚೆನ್ನಾಗಿಯೇ ನಡೆಯಿತು, ಚೆಂಡು ಕಸಿಯೋದರಲ್ಲಿ ಯುಎಸ್‌ಸಿ ದೇಶದ ಮುಂಚೂಣಿ ತಂಡಗಳ ಸಾಲಿನಲ್ಲಿತ್ತು. ಅವರ ಕೇಲಬ್ ವಿಲಿಯಮ್ಸ್ ಆ ವರ್ಷ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡೋ ಹೈಸ್‌ಮನ್ ಪ್ರಶಸ್ತಿ ಗೆದ್ದ. 11 ಮ್ಯಾಚ್ ಗೆದ್ದರು. ಗೆಲ್ಲುತ್ತಿರುವಾಗ ಟ್ಯಾಕಲ್ ಬಗ್ಗೆ ಯಾರು ಕೇಳ್ತಾರೆ?

ಆದರೆ ಈ ಪದ್ಧತಿಯಲ್ಲಿ ಒಂದು ಅಪಾಯ ಇದೆ. ಮುಂದಿನವರು ಪಕ್ಕಕ್ಕೆ ನುಗ್ಗಿದಾಗ ಓಡುವವನು ಬೇರೆ ಕಡೆ ಬಂದರೆ ಅಲ್ಲಿ ದೊಡ್ಡ ಬಾಗಿಲೇ ತೆರೆಯುತ್ತೆ. ಅವನು ಪೂರ್ತಿ ವೇಗ ಹಿಡಿದು ಬರ್ತಾನೆ. ಹಿಂದೆ ಸೇಫ್ಟಿ ಒಬ್ಬನೇ, ಸುತ್ತ ಬಯಲು. ಅಂಥ ಜಾಗದಲ್ಲಿ ಎಷ್ಟು ಗಟ್ಟಿಗನಾದರೂ ಒಂದೆರಡು ತಪ್ಪಿಯೇ ತಪ್ಪುತ್ತೆ. ಅದರ ಮೇಲೆ ಚೆಂಡು ಕಸಿಯೋ ಆಸೆ. ಕೈ ತೊಡೆ ಸುತ್ತೋ ಬದಲು ಚೆಂಡಿಗೆ ಹೋಗುತ್ತೆ.

2022ರ ಡಿಸೆಂಬರ್ 2, ಲಾಸ್ ವೇಗಸ್‌ನಲ್ಲಿ, ಯುಎಸ್‌ಸಿ ಆಗ ಆಡ್ತಿದ್ದ ಪ್ಯಾಕ್-12 ಲೀಗ್‌ನ ಫೈನಲ್. ಗೆದ್ದರೆ ರಾಷ್ಟ್ರೀಯ ಪ್ಲೇಆಫ್‌ಗೆ ದಾರಿ. ಯೂಟಾ ವಿರುದ್ಧ 17-3 ಮುಂದಿದ್ದ ಯುಎಸ್‌ಸಿ 47-24ಕ್ಕೆ ಸೋತಿತು. ಮನಿ ಪಾರ್ಕ್ಸ್ ಅನ್ನೋ ಹುಡುಗ ಒಂದು ಪಾಸ್ ಹಿಡಿದು, ಬಂದವರನ್ನೆಲ್ಲ ಕೊಡವಿಕೊಂಡು 57 ಯಾರ್ಡ್ ಟಚ್‌ಡೌನ್ ಮಾಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ತಿಂಗಳಾದ ಮೇಲೆ ಕಾಟನ್ ಬೌಲ್, ಆ ಸೀಸನ್‌ನ ಕೊನೆಯ ಮ್ಯಾಚ್. ಟುಲೇನ್ ವಿರುದ್ಧ ನಾಲ್ಕೂವರೆ ನಿಮಿಷ ಇದ್ದಾಗ 45-30 ಮುಂದಿದ್ದವರು 46-45ಕ್ಕೆ ಸೋತರು. ಟೈಜೇ ಸ್ಪಿಯರ್ಸ್ 17 ಸಲ ಚೆಂಡು ಹಿಡಿದು 205 ಯಾರ್ಡ್ ಓಡಿದ್ದ. ಇಷ್ಟಾದರೂ ಗ್ರಿಂಚ್ ಅವರನ್ನು ಇನ್ನೊಂದು ವರ್ಷ ಉಳಿಸಿಕೊಂಡರು. ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಬದಲಾಯಿಸೋದಾದರೆ ಆ ಜನವರಿಯಲ್ಲೇ ಬದಲಾಯಿಸಬೇಕಿತ್ತು, ನವೆಂಬರ್ ನಡುವಿನಲ್ಲಿ ಅಲ್ಲ.

ಯಾಕಂದ್ರೆ ನವೆಂಬರ್‌ನಲ್ಲಿ ತೆಗೆದು ಏನಾಯಿತು ನೋಡಿ. ಅದೇ ತಂಡದ ಇಬ್ಬರು ಸಹಾಯಕ ಕೋಚ್‌ಗಳಿಗೆ ಡಿಫೆನ್ಸ್ ಕೊಟ್ಟರು. ಮುಂದಿನ ವಾರ ಒರೆಗಾನ್ ಹತ್ತಿರ 36-27ಕ್ಕೆ ಸೋಲು, ಅದರ ಮುಂದಿನ ವಾರ ಯುಸಿಎಲ್‌ಎ ಹತ್ತಿರ 38-20ಕ್ಕೆ. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಸೀಸನ್ ನಡೀತಿರುವಾಗ ಕಾಲೇಜು ಹುಡುಗರ ಅಭ್ಯಾಸಕ್ಕೆ ಎನ್‌ಸಿಎಎ (ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ) ನಿಯಮದ ಪ್ರಕಾರ ಸಿಗೋದು ವಾರಕ್ಕೆ 20 ಗಂಟೆ. ಅದರಲ್ಲೇ ಮೀಟಿಂಗು, ವಿಡಿಯೊ ನೋಡೋದು, ಜಿಮ್ಮು ಎಲ್ಲ. ಮುಂದಿನ ಎದುರಾಳಿಯ ಆಟ ಓದೋಕೇ ಹೊತ್ತು ಸಾಲಲ್ಲ, ಹೆಜ್ಜೆ ತಿದ್ದೋದು ಯಾವಾಗ? ಹೆಜ್ಜೆ ತಿದ್ದೋಕೆ ವಸಂತಕಾಲದ 15 ಅಭ್ಯಾಸಗಳು ಬೇಕು, ಆಗಸ್ಟ್ ಕ್ಯಾಂಪ್ ಬೇಕು. ಮಂಡಿಯೂರಿ ಕೂತು ತೊಡೆ ತಬ್ಬೋ ಅರ್ಧ ಗಂಟೆಗಳು ಬೇಕು.

ಅದು ಸಿಕ್ಕಿದ್ದು ಡಿ'ಆಂಟನ್ ಲಿನ್ ಬಂದ ಮೇಲೆ. ಊರೊಳಗಿನ ಎದುರಾಳಿ ಯುಸಿಎಲ್‌ಎಯಲ್ಲಿ ಒಂದೇ ವರ್ಷದಲ್ಲಿ ಡಿಫೆನ್ಸ್ ಗಟ್ಟಿ ಮಾಡಿದವರನ್ನೇ ಕರೆದುಕೊಂಡು ಬಂದರು. ಅದಕ್ಕೂ ಮೊದಲು ಅವರು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್‌ನಲ್ಲಿದ್ದವರು. ಲಿನ್ ಜೊತೆಗೆ ಬಂದವರ ಬಗ್ಗೆ ಜನ ಜಾಸ್ತಿ ಮಾತಾಡಲಿಲ್ಲ, ನನಗೆ ಮುಖ್ಯ ಅನ್ನಿಸಿದ್ದು ಅವರೇ. ಮುಂದಿನ ಸಾಲಿಗೆ ರ‍್ಯಾಮ್ಸ್‌ನಿಂದ ಎರಿಕ್ ಹೆಂಡರ್ಸನ್. ಹಿಂದಿನ ಸಾಲಿಗೆ ಡಗ್ ಬೆಲ್ಕ್. ಮುಂದಿನ ಸಾಲಿನ ಬೆನ್ನಿಗೇ ನಿಲ್ಲೋ ಲೈನ್‌ಬ್ಯಾಕರ್‌ಗಳಿಗೆ ಮ್ಯಾಟ್ ಎಂಟ್ಸ್. ಈ ಎಂಟ್ಸ್ ನಾರ್ತ್ ಡಕೋಟಾ ಸ್ಟೇಟ್‌ನಲ್ಲಿ ಮುಖ್ಯ ಕೋಚ್ ಆಗಿ ಕೆಳಗಿನ ಡಿವಿಜನ್‌ನ ರಾಷ್ಟ್ರೀಯ ಪ್ರಶಸ್ತಿ ಎರಡು ಸಲ ಗೆದ್ದವರು. ಅಂಥವರು ಮುಖ್ಯ ಕೋಚ್ ಕುರ್ಚಿ ಬಿಟ್ಟು ಇಲ್ಲಿ ಲೈನ್‌ಬ್ಯಾಕರ್ ಕೋಚ್ ಆಗಿ ಬಂದರು.

ಟ್ಯಾಕಲ್ ಕಲಿಸೋದು ಇವರೇ. ಮುಖ್ಯ ಕೋಚ್ ಅಲ್ಲ, ಕೋಆರ್ಡಿನೇಟರ್ ಕೂಡ ಅಷ್ಟಾಗಿ ಅಲ್ಲ. ಹುಲ್ಲಿನ ಮೇಲೆ ಬೆರಳಿಟ್ಟು "ನೀನು ನಿಂತದ್ದು ಇಲ್ಲಿ" ಅಂತ ದಿನಾ ಹೇಳೋನು ಪೊಸಿಷನ್ ಕೋಚ್, ಅಂದ್ರೆ ಒಂದೊಂದು ಜಾಗದ ಆಟಗಾರರಿಗೆ ಬೇರೆ ಬೇರೆಯಾಗಿ ಕಲಿಸೋನು.

2024ರ ಸೆಪ್ಟೆಂಬರ್ 1, ಮೊದಲ ಮ್ಯಾಚ್, ಅದೇ ಲಾಸ್ ವೇಗಸ್, ಅದೇ ಸ್ಟೇಡಿಯಂ. ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ವಿರುದ್ಧ 27-20 ಗೆಲುವು. ನಾವು ಮನೆಯಲ್ಲಿ ಟಿವಿ ಮುಂದೆ ಕೂತಿದ್ದೆವು. ಮಗ ಸ್ಕೋರ್ ನೋಡ್ತಾನೇ ಇರಲಿಲ್ಲ. "ಅಪ್ಪಾ ನೋಡು, ಒಬ್ಬ ಹಿಡಿದ ಕೂಡಲೇ ಇನ್ನೊಬ್ಬ ಬರ್ತಿದ್ದಾನೆ" ಅಂದ. ನಿಜ, ಬಯಲಿನಲ್ಲಿ ಒಂಟಿಯಾಗಿ ಸಿಕ್ಕಿಕೊಳ್ಳೋ ಹುಡುಗರೇ ಕಾಣಲಿಲ್ಲ. ಹಿಂದಿನ ವರ್ಷ ಮ್ಯಾಚಿಗೆ 34ಕ್ಕೂ ಜಾಸ್ತಿ ಪಾಯಿಂಟ್ ಬಿಟ್ಟುಕೊಟ್ಟಿದ್ದ ಡಿಫೆನ್ಸ್, ಆ ವರ್ಷ ಸುಮಾರು 24ಕ್ಕೆ ಇಳಿಯಿತು.

ಹಾಗಾದ್ರೆ ಎಲ್ಲ ಕೋಚ್ ಮಹಿಮೆಯಾ? ಅಲ್ಲ. ಇಲ್ಲಿ ನಾನು ಪ್ರಾಮಾಣಿಕವಾಗಿ ಹೇಳಬೇಕು. ಆಟಗಾರರೂ ಬದಲಾಗಿದ್ದರು. ಸೇಫ್ಟಿ ಕಮಾರಿ ರಾಮ್ಸಿ ಯುಸಿಎಲ್‌ಎಯಿಂದ ಲಿನ್ ಹಿಂದೆಯೇ ಬಂದವನು, ಲಿನ್ ಮಾತು ಅವನಿಗೆ ಆಗಲೇ ಬಾಯಿಪಾಠ. ಒರೆಗಾನ್ ಸ್ಟೇಟ್‌ನಿಂದ ಲೈನ್‌ಬ್ಯಾಕರ್ ಈಸ್ಟನ್ ಮಸ್ಕರೇನಸ್-ಆರ್ನಾಲ್ಡ್, ಸೇಫ್ಟಿ ಅಕಿಲಿ ಆರ್ನಾಲ್ಡ್ ಬಂದರು. ಕೋಚ್ ಬದಲಾದ್ದಕ್ಕೆ ಎಷ್ಟು, ಹುಡುಗರು ಬದಲಾದ್ದಕ್ಕೆ ಎಷ್ಟು ಅಂತ ತಕ್ಕಡಿಯಲ್ಲಿ ತೂಗೋಕಾಗಲ್ಲ. ನಮ್ಮ ಬೆಂಗಳೂರು ಬುಲ್ಸ್ ಕಥೆಯೂ ಹಾಗೇ ಅಲ್ವಾ? ಪ್ರೊ ಕಬಡ್ಡಿಯ 11ನೇ ಸೀಸನ್‌ನಲ್ಲಿ ಕೊನೆಯ ಸ್ಥಾನ, 12ಕ್ಕೆ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು, ತಂಡ ಪ್ಲೇಆಫ್ ಮುಟ್ಟಿತು. ರಮೇಶ್ ಅವರ ಬಗ್ಗೆ ನನಗೆ ತುಂಬಾ ಗೌರವ, ಆದರೆ ತಂಡವೂ ಆಗ ಬಹುಪಾಲು ಹೊಸದಾಗಿತ್ತು.

ಇನ್ನೊಂದು ಮಾತು. ಹೊಸ ಕೋಚ್ ಬಂದ ಮೊದಲ ವರ್ಷದಲ್ಲಿ ಟ್ಯಾಕಲ್ ಸುಧಾರಿಸುತ್ತೆ, ಆದರೆ ಸುಸ್ತಾದಾಗ ಹಳೇ ಅಭ್ಯಾಸ ವಾಪಸ್ ಬರುತ್ತೆ ಅನ್ನೋದು ನನ್ನ ನಂಬಿಕೆ. 2024ರ ಸೆಪ್ಟೆಂಬರ್ 21ರ ಮಿಷಿಗನ್ ಮ್ಯಾಚ್ ನೋಡಿದವರಿಗೆ ಗೊತ್ತು. ಮಿಷಿಗನ್ ಆವತ್ತು ಪಾಸ್ ಮಾಡಿ ಗಳಿಸಿದ್ದು ಬರೀ 32 ಯಾರ್ಡ್. ಅವರು ಓಡ್ತಾರೆ ಅಂತ ಮೈದಾನದಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಕೊನೆಯ ನಿಮಿಷಗಳಲ್ಲಿ ಕಲೆಲ್ ಮಲ್ಲಿಂಗ್ಸ್ ಸಿಕ್ಕಿಬಿದ್ದ ಅಂತ ಅಂದುಕೊಳ್ಳೋ ಹೊತ್ತಿಗೆ ಕೊಡವಿಕೊಂಡು 63 ಯಾರ್ಡ್ ಓಡಿಬಿಟ್ಟ. ಆಮೇಲೆ 37 ಸೆಕೆಂಡ್ ಇದ್ದಾಗ ಅವನೇ ಟಚ್‌ಡೌನ್ ಮಾಡಿದ. ಯುಎಸ್‌ಸಿ 27-24ಕ್ಕೆ ಸೋತಿತು. ಆ ಸಲವಂತೂ ನನ್ನ ಮಗ ತಲೆ ಮೇಲೆ ಕೈ ಹೊತ್ತು, "ತಪ್ಪು ಕಾಲು, ತಪ್ಪು ಕಾಲು" ಅಂದ.

ಈಗ ನನ್ನ ಅಸಲಿ ಬೇಸರ ಹೇಳ್ತೀನಿ. ಇಷ್ಟೆಲ್ಲ ಆಗಿ ಒಂದು ವರ್ಷ ಕಲಿಸಿದ ಎಂಟ್ಸ್ ಸೀಸನ್ ಮುಗಿಯುತ್ತಲೇ ಫ್ರೆಸ್ನೊ ಸ್ಟೇಟ್‌ಗೆ ಮುಖ್ಯ ಕೋಚ್ ಆಗಿ ಹೋದರು. ಅವರದ್ದು ತಪ್ಪಲ್ಲ, ಒಳ್ಳೆ ಕೆಲಸ ಸಿಕ್ಕಿತು, ಹೋದರು. 2025ಕ್ಕೆ ರಾಬ್ ರಯಾನ್ ಬಂದರು. ಅಂದ್ರೆ 2023ರಲ್ಲಿ ಬ್ರಯಾನ್ ಓಡಮ್, 2024ರಲ್ಲಿ ಎಂಟ್ಸ್, 2025ರಲ್ಲಿ ರಯಾನ್. ಮೂರು ವರ್ಷ, ಮೂರು ಲೈನ್‌ಬ್ಯಾಕರ್ ಕೋಚ್. ಎರಿಕ್ ಜೆಂಟ್ರಿಯಂಥ ಹುಡುಗ ಈ ಮೂವರ ಮಾತನ್ನೂ ಕೇಳಿದ. ಆರಡಿ ಆರಿಂಚು ಎತ್ತರ, ತೋಳು ಚಾಚಿದರೆ ಅರ್ಧ ಮೈದಾನ. 2024ರಲ್ಲಿ ನಾಲ್ಕು ಮ್ಯಾಚ್ ಆಡಿ, ತಲೆಗೆ ಪದೇ ಪದೇ ಪೆಟ್ಟು ಬಿದ್ದು ಆ ಸೀಸನ್ ಪೂರ್ತಿ ಹೊರಗೆ ಕೂತ. ಅವನಿಗೆ ಪೆಟ್ಟು ಬಿದ್ದದ್ದಕ್ಕೂ ಕೋಚ್ ಬದಲಾದ್ದಕ್ಕೂ ನಾನು ಗಂಟು ಹಾಕ್ತಿಲ್ಲ. ಆದರೆ ತಲೆ ಎಲ್ಲಿಡಬೇಕು ಅನ್ನೋದು ಸ್ಕೋರಿನ ಪ್ರಶ್ನೆ ಮಾತ್ರ ಅಲ್ಲ, ಮಕ್ಕಳ ಮಿದುಳಿನ ಪ್ರಶ್ನೆ. ಅಪ್ಪನಾಗಿ ನನಗೆ ಅದೇ ದೊಡ್ಡದು.

ಕೋಚ್ ಬದಲಾದರೂ ಟ್ಯಾಕಲ್ ಕೆಡದ ಕಡೆಯೂ ಇದೆ. ಮಿಷಿಗನ್‌ನಲ್ಲೇ ನೋಡಿ. 2020ರಲ್ಲಿ ಎರಡು ಗೆಲುವು, ನಾಲ್ಕು ಸೋಲು. 2021ಕ್ಕೆ ರೇವನ್ಸ್‌ನಿಂದ ಮೈಕ್ ಮ್ಯಾಕ್‌ಡೊನಾಲ್ಡ್ ಬಂದು ಡಿಫೆನ್ಸ್ ಹಿಡಿದರು, ಆ ವರ್ಷ ಒಹಾಯೊ ಸ್ಟೇಟನ್ನು 42-27ಕ್ಕೆ ಸೋಲಿಸಿದರು. ಒಂದೇ ವರ್ಷಕ್ಕೆ ಅವರು ವಾಪಸ್ ರೇವನ್ಸ್‌ಗೆ ಹೋದರು. ಆಗ ಮಿಷಿಗನ್‌ನವರು ಹೊಸ ಪಂಡಿತರನ್ನು ಹುಡುಕಲಿಲ್ಲ, ಅದೇ ರೇವನ್ಸ್ ಗರಡಿಯಲ್ಲಿ ಪಳಗಿದ್ದ ಜೆಸ್ಸಿ ಮಿಂಟರ್ ಅವರನ್ನು ತಂದರು. ಕೋಚ್ ಬದಲಾದರು, ಮಾತು ಬದಲಾಗಲಿಲ್ಲ. ಹುಡುಗರು ಯಾವ ಕಾಲು ಅಂತ ಮತ್ತೆ ನೆನಪು ಮಾಡಿಕೊಳ್ಳಬೇಕಾಗಲಿಲ್ಲ. 2023ರಲ್ಲಿ ಹದಿನೈದಕ್ಕೆ ಹದಿನೈದೂ ಗೆಲುವು, ಮ್ಯಾಚಿಗೆ ಬರೀ 10.4 ಪಾಯಿಂಟ್ ಬಿಟ್ಟುಕೊಟ್ಟು ರಾಷ್ಟ್ರೀಯ ಚಾಂಪಿಯನ್.

ಇನ್ನು, ಟ್ಯಾಕಲ್ ತಪ್ಪಿದರೆ ಅಭ್ಯಾಸದಲ್ಲಿ ಇನ್ನೂ ಜೋರಾಗಿ ಗುದ್ದಾಡಿಸಿ ಅನ್ನೋರಿಗೆ ಡಾರ್ಟ್‌ಮತ್ ಕಾಲೇಜಿನ ಬಡಿ ಟೀವನ್ಸ್ ಅವರ ಉದಾಹರಣೆ ಕೊಡ್ತೀನಿ. 2008ರಲ್ಲಿ ಅವರ ತಂಡ ಹತ್ತಕ್ಕೆ ಹತ್ತೂ ಸೋತಿತ್ತು. 2010ರಲ್ಲಿ ಅವರು ಅಭ್ಯಾಸದಲ್ಲಿ ಹುಡುಗರು ಒಬ್ಬರನ್ನೊಬ್ಬರು ಕೆಡವೋದನ್ನೇ ನಿಲ್ಲಿಸಿಬಿಟ್ಟರು. ಪೂರ್ತಿ. ಬರೀ ಡಮ್ಮಿ, ಮೆತ್ತೆ, ಹೆಜ್ಜೆ, ಕೋನ. ಆಮೇಲೆ ಕಾಲೇಜಿನ ಎಂಜಿನಿಯರಿಂಗ್ ಹುಡುಗರ ಜೊತೆ ಸೇರಿ, ರಿಮೋಟಿನಲ್ಲಿ ಮೈದಾನ ತುಂಬಾ ಓಡೋ ಬೊಂಬೆಯೊಂದನ್ನು ಮಾಡಿಸಿದರು. ತಪ್ಪಿಹೋಗುವ ಟ್ಯಾಕಲ್‌ಗಳು ಕಡಿಮೆಯಾದವು ಅಂತ ಅವರೇ ಹೇಳುತ್ತಿದ್ದರು. 2015ರಲ್ಲಿ ಡಾರ್ಟ್‌ಮತ್ ಆಡೋ ಐವಿ ಲೀಗ್‌ನ ಪ್ರಶಸ್ತಿ ಹಂಚಿಕೊಂಡರು. 2016ರಲ್ಲಿ ಐವಿ ಲೀಗ್ ಕೋಚ್‌ಗಳೆಲ್ಲ ಸೇರಿ, ಸೀಸನ್ ನಡುವಿನ ಅಭ್ಯಾಸದಲ್ಲಿ ಪೂರ್ತಿ ಕೆಡವೋ ಟ್ಯಾಕಲ್ ಬೇಡ ಅಂತ ತೀರ್ಮಾನ ಮಾಡಿದರು. 2023ರಲ್ಲಿ ಟೀವನ್ಸ್ ತೀರಿಕೊಂಡಾಗ, ಎಂದೂ ಭೇಟಿಯಾಗದ ಮನುಷ್ಯನಿಗೆ ನನ್ನ ಕಣ್ಣು ತುಂಬಿತ್ತು. ಹತ್ತಿರ ಹತ್ತಿರ ಹದಿನೆಂಟು ವರ್ಷ ಒಂದೇ ಜಾಗದಲ್ಲಿ ನಿಂತು ಕಲಿಸಿದರು. ಅದು ಎಲ್ಲರಿಗೂ ಸಿಗೋ ಭಾಗ್ಯ ಅಲ್ಲ.

ಯುಎಸ್‌ಸಿಗೂ ಅಂಥವರೊಬ್ಬರಿದ್ದರು. 2001ರಿಂದ 2009ರವರೆಗೆ ಪೀಟ್ ಕ್ಯಾರಲ್. ಅವರು ಎನ್‌ಎಫ್‌ಎಲ್‌ನ ಸಿಯಾಟಲ್ ಸೀಹಾಕ್ಸ್‌ಗೆ ಹೋದ ಮೇಲೆ, 2014ರಲ್ಲಿ, ರಗ್ಬಿಯವರಂತೆ ತಲೆ ಹೊರಗಿಟ್ಟು ಭುಜದಿಂದ ಹಿಡಿಯೋದು ಹೇಗೆ ಅಂತ ವಿಡಿಯೊ ಮಾಡಿ ದೇಶದ ಕೋಚ್‌ಗಳಿಗೆಲ್ಲ ಹಂಚಿದರು. ಅದರಲ್ಲಿ ಅವರ ಜೊತೆಗಿದ್ದ ರಾಕಿ ಸೆಟೊ ಕೂಡ ಯುಎಸ್‌ಸಿಯಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದವರೇ. ನನ್ನ ಮಗನ ಹೊಸ ಕೋಚ್ ಮಂಡಿಯೂರಿಸಿ ಕಲಿಸಿದ್ದೂ ಅದೇ ಪದ್ಧತಿ.

ಎನ್‌ಸಿಎಎ ಅಧಿಕೃತ ಲೆಕ್ಕದಲ್ಲಿ ಮಾಡಿದ ಟ್ಯಾಕಲ್ ಇರುತ್ತೆ, ತಪ್ಪಿದ್ದು ಇರಲ್ಲ. ತಪ್ಪಿದ್ದನ್ನು ಹೊರಗಿನವರು ವಿಡಿಯೊ ನೋಡಿ ಎಣಿಸ್ತಾರೆ. ಆ ಎಣಿಕೆಯೂ ಕೊನೆಗೆ ಕೈ ಜಾರಿದವನ ಹೆಸರಿಗೇ ಹೋಗುತ್ತೆ. ಬಾಗಿಲು ತೆರೆದು ಬಿಟ್ಟವನ ಹೆಸರಿಗಲ್ಲ, ಬರೋದು ತಡ ಮಾಡಿದ ಪಕ್ಕದವನ ಹೆಸರಿಗಲ್ಲ, ಒಂದೇ ವರ್ಷಕ್ಕೆ ಬಿಟ್ಟುಹೋದ ಕೋಚ್ ಹೆಸರಿಗಂತೂ ಅಲ್ಲವೇ ಅಲ್ಲ. ದಯವಿಟ್ಟು ಆ ಹುಡುಗರ ಇನ್‌ಸ್ಟಾಗ್ರಾಂಗೆ ಹೋಗಿ ಬೈಯಬೇಡಿ. ನಮ್ಮವರೂ ಬೈತಿರೋದನ್ನು ನಾನು ಕಣ್ಣಾರೆ ನೋಡಿದೀನಿ.

ಮಗನ ಮ್ಯಾಚ್‌ಗೆ ಹೋದಾಗ ಈಗ ನಾನು ಚೆಂಡು ನೋಡಲ್ಲ, ಅವನ ಕಾಲು ನೋಡ್ತೀನಿ. ಕಳೆದ ಶುಕ್ರವಾರ ಮೂರನೇ ಕ್ವಾರ್ಟರ್‌ನಲ್ಲಿ ಒಬ್ಬ ಗಟ್ಟಿ ಹುಡುಗ ನೇರ ಅವನ ಮೇಲೆಯೇ ಬಂದ. ಮಗ ನಿಧಾನ ಮಾಡಲಿಲ್ಲ. ಬಲಗಾಲು ಮುಂದೆ, ಬಲ ಭುಜ, ತಲೆ ಬೆನ್ನ ಕಡೆ. ಇಬ್ಬರೂ ಉರುಳಿದರು. ಎರಡು ಯಾರ್ಡ್ ಅಷ್ಟೇ ಸಿಕ್ಕಿತು ಅವನಿಗೆ. ಎದ್ದವನೇ ಮಗ ಬೇಲಿ ಕಡೆ ತಿರುಗಿ ನನ್ನನ್ನು ಹುಡುಕಲಿಲ್ಲ. ಕೋಚ್ ಎಲ್ಲಿದ್ದಾರೆ ಅಂತ ನೋಡಿದ. ಅವರು ತಮ್ಮ ಬಲ ತೊಡೆ ಮೇಲೆ ಎರಡು ಸಲ ತಟ್ಟಿ ತೋರಿಸಿದರು.